ಗೀಸರ್ ಯಾಕೆ ಹತ್ತಲಿಲ್ಲ

ಚೆನ್ನೈಯಲ್ಲಿದ್ದುಕೊಂಡು ಬಿಸಿನೀರಿಗೆ ಪರದಾಡಿದೆವು ಅಂದರೆ ನಗುವವರಿದ್ದಾರೆ. ವರ್ಷದ ಬಹುಪಾಲು ಇಲ್ಲಿ ಮಹಡಿ ಮೇಲಿನ ಟ್ಯಾಂಕಿನ ನೀರೇ ಕೈ ಸುಡುತ್ತದೆ. ಆದರೆ ಆ ವರ್ಷ ನಮ್ಮ ಮನೆಯಲ್ಲಿ ಗೀಸರ್ ದಿನಾ ಬೆಳಿಗ್ಗೆ ಹತ್ತಲೇಬೇಕಿತ್ತು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಏಳು ತಿಂಗಳಾಗಿತ್ತು. ಬಲಗೈಯ ಬೆರಳುಗಳು ಸದಾ ಮಡಚಿಕೊಂಡೇ ಇರುತ್ತಿದ್ದವು. ವ್ಯಾಯಾಮಕ್ಕೆ ಮೊದಲು ಹತ್ತು ನಿಮಿಷ ಕೈಯನ್ನು ಬೆಚ್ಚನೆಯ ನೀರಿನಲ್ಲಿ ಇಡಿಸಿ ಎಂದು ಫಿಸಿಯೋಥೆರಪಿಯವರು ಹೇಳಿದ್ದರು.

ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದವರು. ಹುಬ್ಬಳ್ಳಿ ಕಡೆಯವರಾದರೂ ಕೆಲಸಕ್ಕೆಂದು ಈ ಊರಿಗೆ ಬಂದು ಇಲ್ಲೇ ನಿಂತರು. ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಫ್ಯಾನು, ಮಿಕ್ಸಿ, ನೀರಿನ ಮೋಟಾರು, ಏನೇ ಕೆಟ್ಟರೂ ಅವರೇ ಬಿಚ್ಚುತ್ತಿದ್ದರು. ಯಾರೂ ಹತ್ತಿರ ಹೋಗುವಂತಿರಲಿಲ್ಲ. ನಾನೂ ಹೋಗುತ್ತಿರಲಿಲ್ಲ ಅನ್ನುವುದು ಹೆಚ್ಚು ನಿಜ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ನಾನು ಒಂದು ಪ್ಲಗ್ಗನ್ನೂ ಬಿಚ್ಚಿ ನೋಡಿದವಳಲ್ಲ.

ಪಾರ್ಶ್ವವಾಯು ಅವರ ಮಾತನ್ನು ಪೂರ್ತಿ ಒಯ್ದಿರಲಿಲ್ಲ. ಆದರೆ ಬೇಕಾದ ಹೆಸರು ಬೇಕಾದ ಹೊತ್ತಿಗೆ ಬಾಯಿಗೆ ಬರುತ್ತಿರಲಿಲ್ಲ. ಕನ್ನಡಕ ಬೇಕಾದರೆ "ಅದು... ಅದು" ಅನ್ನುತ್ತಿದ್ದರು. ನಾನು ನೀರಿನ ಲೋಟ, ಪೇಪರು, ಟವೆಲು ಎಂದು ಒಂದೊಂದೇ ಎತ್ತಿ ತೋರಿಸಬೇಕು. ಕನ್ನಡಕಕ್ಕೆ ಬರುವಷ್ಟರಲ್ಲಿ ಅವರಿಗೆ ಸಿಟ್ಟು ಬಂದು ಮುಖ ಆಚೆ ತಿರುಗಿಸಿರುತ್ತಿದ್ದರು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟರು. ಊಟವೆಂದರೆ ಹ್ಞೂಂ, ಔಷಧಿಯೆಂದರೆ ಹ್ಞೂಂ.

ಅದು ಡಿಸೆಂಬರಿನ ಒಂದು ಶನಿವಾರ, ಬ್ಯಾಂಕಿಗೆ ರಜೆ. ಎರಡು ದಿನ ಸುರಿದ ಮಳೆ ನಿಂತು ಗಾಳಿ ತಣ್ಣಗಿತ್ತು. ಸ್ವಿಚ್ ಹಾಕಿದೆ. ಗೀಸರಿನ ಕೆಂಪು ದೀಪ ಹತ್ತಲಿಲ್ಲ. ಆಫ್ ಮಾಡಿ ಮತ್ತೆ ಹಾಕಿದೆ. ಇಲ್ಲ. ಅಡುಗೆಮನೆಯಲ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ ತಂದು ಅಪ್ಪನ ಕೈಯನ್ನು ಅದರಲ್ಲಿ ಇಡಿಸಿ, ಅವರ ಪಕ್ಕದಲ್ಲೇ ಕೂತು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ.

"ಎಷ್ಟು ವರ್ಷ ಆಯಿತು?" ಎಂದು ಅವನು ತಮಿಳಿನಲ್ಲಿ ಕೇಳಿದ. ಒಂಬತ್ತು ಅಂದೆ.

"ಒಂಬದು ವರುಷಮಾ? ಅಪ್ಪೊ ಮಾತ್ತಿಡುಂಗ ಮೇಡಂ."

ಬದಲಾಯಿಸಿಬಿಡಿ ಎಂದು. ಬೋರ್‌ವೆಲ್ಲಿನ ಉಪ್ಪುನೀರಿನಲ್ಲಿ ಒಂಬತ್ತು ವರ್ಷ ಬಂದದ್ದೇ ಹೆಚ್ಚು, ಒಳಗಿನ ಕಾಯಿಲ್ ಸುಟ್ಟಿರುತ್ತದೆ, ಹೊಸದು ತಗೊಳ್ಳಿ, ಹೇಗೂ ಸೋಮವಾರದ ತನಕ ತನಗೆ ಬರಲಾಗುವುದಿಲ್ಲ ಅಂದ. ನಾನು ಸರಿ ಎಂದು ಫೋನ್ ಇಟ್ಟೆ. ಅಷ್ಟರಲ್ಲಿ ಪಕ್ಕದಿಂದ ಮಾತು ಬಂತು.

"ನೋಡ್ಯಾನೇನು ಅಂವಾ?"

ತಿರುಗಿ ನೋಡಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ತಡವರಿಸದೆ ಬಂದ ಇಡೀ ವಾಕ್ಯ ಅದು.

"ಇಲ್ಲಪ್ಪಾ, ಫೋನ್‌ನಾಗ ಹೇಳಿದಾ."

"ನೋಡದ... ಹೆಂಗ ಹೇಳ್ತಾನ?" ಎಂದವರೇ ಎಡಗೈಯಿಂದ ಮಂಚದ ಕೆಳಗೆ ತೋರಿಸಿದರು. "ಡಬ್ಬಿ."

ಮಂಚದ ಕೆಳಗೆ ಹಳೆಯ ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಸ್ಕ್ರೂಡ್ರೈವರುಗಳ ನಡುವೆ ಮೂರು ಸೆಲ್ಲಿನ ಒಂದು ಟಾರ್ಚು. ಅದರ ಸ್ವಿಚ್ ಕಿತ್ತು, ಆ ಜಾಗದಿಂದ ಎರಡು ಉದ್ದನೆಯ ವೈರುಗಳನ್ನು ಹೊರಗೆ ತಂದಿದ್ದರು. ಹೊಸ ಸೆಲ್ ಹಾಕಿ ಎರಡೂ ವೈರಿನ ತುದಿಗಳನ್ನು ಒಂದಕ್ಕೊಂದು ತಾಗಿಸಿದೆ. ಬಲ್ಬು ಝಗ್ಗೆಂದು ಹತ್ತಿತು. ಬಿಡಿಸಿದೆ, ಆರಿತು. ಎರಡು ತುದಿಗಳ ಮಧ್ಯೆ ಏನನ್ನಿಟ್ಟರೂ ಅದರ ಮೂಲಕ ಕರೆಂಟ್ ಹಾದುಹೋಗುತ್ತದೋ ಇಲ್ಲವೋ ಎಂಬುದನ್ನು ಈ ಬಲ್ಬು ಹೇಳುತ್ತದೆ, ಅಷ್ಟೇ. ಹುಡುಗಿಯಾಗಿದ್ದಾಗ ನೂರು ಸಲ ನೋಡಿದ್ದರೂ ಅದು ಕೆಟ್ಟ ಟಾರ್ಚು ಅಂದುಕೊಂಡಿದ್ದೆ.

ಬಚ್ಚಲಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದೆ.

"ಕರೆಂಟು ಎಲ್ಲೀತನಕ ಬಂದದ... ಎಲ್ಲಿ ನಿಂತದ. ಅಷ್ಟ ನೋಡೂದು," ಎಂದರು. ಒಂದೊಂದು ಮಾತಿನ ನಡುವೆಯೂ ಉಸಿರು ತೆಗೆದುಕೊಳ್ಳುತ್ತಿದ್ದರು. "ಮೊದಲ ಆ ಪ್ಲಗ್ ತಗಿ. ಇಸ್ತ್ರಿ ಹಾಕು."

ಗೀಸರಿನ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದೆ. ಅದರ ದೀಪ ಹತ್ತಿತು. "ಲೈಟ್ ಬಂತಪ್ಪಾ. ಸಾಕೆಟ್ ಸರಿ ಅದ," ಎಂದು ತೆಗೆಯಹೋದೆ.

"ತಡಿ. ಬಿಸಿ ಆತೇನು?"

ಅದೂ ಆಗುತ್ತಿತ್ತು. ವೈರು ಎಲ್ಲೋ ಒಂದು ಕಡೆ ಸಡಿಲವಾಗಿದ್ದರೆ ಪುಟ್ಟ ದೀಪವೇನೋ ಹತ್ತುತ್ತದೆ, ಆದರೆ ಹೊರೆ ಬಿದ್ದಾಗ ಕೈಕೊಡುತ್ತದೆ ಎಂದು ಅವರು ಬಿಟ್ಟು ಬಿಟ್ಟು ವಿವರಿಸಿದರು. ದೀಪ ಹತ್ತಿತು ಎಂದ ಕೂಡಲೇ ನಂಬಬಾರದು ಎಂಬುದು ನನಗೆ ಹೊಸ ವಿಷಯ.

ಹಾಗಾದರೆ ಗೋಡೆಯ ತನಕ ಕರೆಂಟು ಬಂದಿದೆ. ಮುಂದೆ ಗೀಸರಿನೊಳಗೆ. ಪ್ಲಗ್ ಕಿತ್ತಿಟ್ಟಿದ್ದರೂ ಅಪ್ಪನಿಗೆ ಸಮಾಧಾನವಿಲ್ಲ. ಮೇನ್ ಸ್ವಿಚ್ಚನ್ನೂ ಇಳಿಸಿ ಬರುವ ತನಕ ಸ್ಟೂಲ್ ಹತ್ತಲು ಬಿಡಲಿಲ್ಲ. ಕೆಳಗಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಎರಡು ತುಕ್ಕು ಹಿಡಿದಿದ್ದವು. ಬಿಚ್ಚಿದಾಗ ಸತ್ತ ಹಲ್ಲಿಯೊಂದು ಒಣಗಿ ಕಾಗದದಂತಾಗಿ ನನ್ನ ಭುಜದ ಮೇಲೆ ಬಿತ್ತು. ನಾನು ಕಿರುಚಿದೆ. ಅಪ್ಪ ನಕ್ಕರು. ಅವರ ಬಾಯಿಯ ಒಂದೇ ಬದಿ ನಗುತ್ತಿತ್ತು. ಆ ನಗು ನೋಡಿ ಎಷ್ಟೋ ದಿನವಾಗಿತ್ತು.

ಒಳಗೆ ಏನೋ ದೊಡ್ಡ ಯಂತ್ರವಿರುತ್ತದೆ ಎಂದು ಎಣಿಸಿದ್ದೆ. ಇದ್ದದ್ದು ಮೂರೇ ಮೂರು. ನೀರು ಕಾಯಿಸುವ ಕಾಯಿಲ್. ನೀರು ಸಾಕಷ್ಟು ಕಾದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್. ಅದೂ ನಿಲ್ಲಿಸದಿದ್ದರೆ ಕೊನೆಗೆ ಕಡಿದುಹಾಕುವ ಕಟ್‌ಔಟ್. ನಾನು ಕಂಡದ್ದನ್ನು ಬಣ್ಣ, ಆಕಾರ ಹೇಳಿ ವರ್ಣಿಸುತ್ತಿದ್ದೆ, ಅಪ್ಪ ಹೆಸರು ಹೇಳುತ್ತಿದ್ದರು. ಕನ್ನಡಕ ಎಂಬ ಹೆಸರು ಸಿಗದ ಬಾಯಿಗೆ ಥರ್ಮೋಸ್ಟಾಟ್ ಸಲೀಸಾಗಿ ಬಂತು. ಇದು ಹೇಗೆ ಎಂದು ಸ್ಟೂಲಿನ ಮೇಲೆ ನಿಂತೇ ಯೋಚಿಸಿದೆ. ಆಮೇಲೆ ಡಾಕ್ಟರನ್ನೂ ಕೇಳಿದೆ. ಹಾಗಾಗುವುದುಂಟು ಎಂದಷ್ಟೇ ಹೇಳಿದರು.

"ಮೊದಲ ಕಾಯಿಲ್. ಎರಡೂ ವೈರ್ ಬಿಚ್ಚಿ ಹಚ್ಚು. ಆದರ... ಪೂರಾ ಹತ್ತಂಗಿಲ್ಲ ಅದು."

ಕಾಯಿಲ್ಲಿನ ಎರಡು ತುದಿಗೆ ಟಾರ್ಚಿನ ವೈರುಗಳನ್ನು ಒತ್ತಿದೆ. ಬಲ್ಬು ಹತ್ತಲಿಲ್ಲ ಅನ್ನಿಸಿತು. ಕೈಯಿಂದ ಮರೆಮಾಡಿ ನೋಡಿದರೆ ಒಳಗಿನ ತಂತಿ ಕೂದಲೆಳೆಯಷ್ಟು ಕೆಂಪಾಗಿತ್ತು.

"ಬರೀ ಕೆಂಪಗ ಕಾಣ್ತದಪ್ಪಾ. ಕೆಟ್ಟದೇನು?"

"ಛಲೋ ಅದ," ಎಂದರು ಖುಷಿಯಿಂದ. ಕಾಯಿಲ್ ಕರೆಂಟನ್ನು ತಡೆದು ತಡೆದು ಬಿಡುತ್ತದೆ, ಹಾಗೆ ತಡೆಯುವುದರಿಂದಲೇ ಅದು ಬಿಸಿಯಾಗುವುದು, ಪೂರ್ತಿ ಬೆಳಗಿದ್ದರೇ ಸಂಶಯ ಪಡಬೇಕಿತ್ತು. ಮೆಕ್ಯಾನಿಕ್ ಫೋನಿನಲ್ಲೇ ಸಾಯಿಸಿದ್ದ ಕಾಯಿಲ್ ಜೀವಂತವಾಗಿತ್ತು.

ಥರ್ಮೋಸ್ಟಾಟಿಗೆ ಹಚ್ಚಿದೆ. ಬಲ್ಬು ಪೂರ್ತಿ ಹತ್ತಿತು. ಕಟ್‌ಔಟಿಗೆ ಹಚ್ಚಿದೆ. ಹತ್ತಲಿಲ್ಲ. ಮತ್ತೆ ಒತ್ತಿ ಹಿಡಿದೆ. ಇಲ್ಲವೇ ಇಲ್ಲ. ಕರೆಂಟು ನಿಂತ ಜಾಗ ಸಿಕ್ಕಿತ್ತು!

"ನಡುವ ಒಂದು ಗುಂಡಿ ಅದ ನೋಡು. ಒತ್ತು."

ಒತ್ತಿದೆ. ಟಕ್ ಎಂದಿತು. ಈಗ ಬಲ್ಬು ಬೆಳಗಿತು. ನನಗೆ ಕುಣಿಯುವಷ್ಟು ಸಂತೋಷ. ವೈರುಗಳನ್ನು ಮತ್ತೆ ಸಿಕ್ಕಿಸಿ ಮುಚ್ಚಳ ಹಾಕಲು ಹೊರಟೆ. ಅಪ್ಪ ಎಡಗೈ ಎತ್ತಿದರು.

"ಗುಂಡಿ ಒತ್ತಿದರ ಮುಗೀತೇನು? ಯಾಕ ಬಿತ್ತು ಅದು?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಸ್ಟೂಲಿನಿಂದ ಇಳಿದು ಅವರೆದುರು ನೆಲದ ಮೇಲೆ ಕೂತೆ. ಕಟ್‌ಔಟ್ ಸುಮ್ಮಸುಮ್ಮನೆ ಬಿದ್ದು ಕರೆಂಟು ಕಡಿಯುವುದಿಲ್ಲ, ನೀರು ಮಿತಿಮೀರಿ ಕಾದರೆ ಮಾತ್ರ ಬೀಳುತ್ತದೆ. ನೀರು ಮಿತಿಮೀರಿ ಕಾಯುವುದು ಯಾವಾಗ? ಥರ್ಮೋಸ್ಟಾಟ್ ತನ್ನ ಕೆಲಸ ಮಾಡದಿದ್ದಾಗ. ಆದರೆ ಈಗಷ್ಟೇ ಅದಕ್ಕೆ ಹಚ್ಚಿದಾಗ ಬಲ್ಬು ಹತ್ತಿತ್ತಲ್ಲ?

"ಹತ್ತೂದಲ್ಲ ಅದರ ಕೆಲಸ," ಎಂದರು ಅಪ್ಪ. "ಆರೂದು."

ಆಗ ನೆನಪಾಯಿತು. ಹಿಂದಿನ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ನೀರಿನ ಜೊತೆ ಆವಿ ಬುಸುಗುಟ್ಟಿತ್ತು. ಸ್ವಿಚ್ ಹಾಕಿ ಮರೆತೆನಲ್ಲ ಎಂದು ನನ್ನನ್ನೇ ಬೈದುಕೊಂಡಿದ್ದೆ. ಆ ನೀರಿಗೆ ತಣ್ಣೀರು ಬೆರೆಸದೆ ಅಪ್ಪನ ಕೈ ಇಡಿಸಿದ್ದರೆ? ಬಲಗೈಗೆ ಬಿಸಿ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆವಿಯ ವಿಷಯ ಹೇಳಿದೆ. ಅಪ್ಪ ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಅಡುಗೆಮನೆಯ ಕಡೆಗೆ ತಲೆಯಾಡಿಸಿದರು. ನೀರು ಕಾಯಿಸು ಎಂದು.

ಥರ್ಮೋಸ್ಟಾಟ್ ಎಂದರೆ ಒಂದು ತಲೆ, ಅದಕ್ಕೆ ಪೆನ್ಸಿಲ್ಲಿನಷ್ಟು ಸಪೂರ ಉದ್ದನೆಯ ಕಡ್ಡಿ. ಕಡ್ಡಿ ಗೀಸರಿನೊಳಗೆ ಒಂದು ಕೊಳವೆಯಲ್ಲಿ ಕೂತಿರುತ್ತದೆ. ಎಳೆದರೆ ನೀರು ಚೆಲ್ಲದೆ ಹೊರಗೆ ಬರುತ್ತದೆ. ಊಟದ ಮೇಜಿನ ಮೇಲೆ ಕುದಿಯುವ ನೀರಿನ ಪಾತ್ರೆ ಇಟ್ಟು ಕಡ್ಡಿಯನ್ನು ಅದರಲ್ಲಿ ಇಳಿಸಿದೆ. ತಲೆಯ ಎರಡು ತುದಿಗೆ ಟಾರ್ಚಿನ ವೈರು. ಬಲ್ಬು ಹತ್ತಿತ್ತು. ಬಿಸಿ ತಾಗಿದ ಮೇಲೆ ಟಕ್ಕೆಂದು ಆರಬೇಕು.

ಇಬ್ಬರೂ ಬಲ್ಬನ್ನೇ ನೋಡುತ್ತ ಕೂತೆವು. ಹೊರಗೆ ತಾಂಬರಂ ಕಡೆಯ ಒಂದು ಲೋಕಲ್ ರೈಲು ಸದ್ದು ಮಾಡುತ್ತ ಹೋಯಿತು, ಬೀಚ್ ಕಡೆಯದೊಂದು ಹೋಯಿತು. ಬಲ್ಬು ಆರಲಿಲ್ಲ. ಪಾತ್ರೆಯ ನೀರನ್ನು ಮತ್ತೆ ಕುದಿಸಿ ತಂದೆ. ಆಗಲೂ ಆರಲಿಲ್ಲ. ಅಷ್ಟು ಸೊಗಸಾಗಿ ಉರಿಯುತ್ತಿದ್ದ ಬಲ್ಬೇ ಕೆಟ್ಟ ಸುದ್ದಿಯಾಗಿತ್ತು.

ಸಂಜೆ ಅಂಗಡಿ ಬೀದಿಗೆ ಹೋಗಿ ಹಳೆಯದನ್ನು ತೋರಿಸಿ ಅಂಥದ್ದೇ ಹೊಸ ಥರ್ಮೋಸ್ಟಾಟ್ ತಂದೆ. ಕಟ್‌ಔಟನ್ನೂ ಬದಲಾಯಿಸುವುದು ಒಳ್ಳೆಯದು ಎಂದು ಅಂಗಡಿಯವರು ಅದನ್ನೂ ಕೊಟ್ಟರು. ಹೊಸ ಥರ್ಮೋಸ್ಟಾಟನ್ನು ಪೊಟ್ಟಣದಿಂದ ಬಿಚ್ಚಿದ್ದೇ ತಡ, ಅಪ್ಪ ಪಾತ್ರೆ ಕೇಳಿದರು. ಅದು ಬಿಸಿನೀರಿಗೆ ಇಳಿದ ಸ್ವಲ್ಪ ಹೊತ್ತಿಗೆ ಬಲ್ಬು ಆರಿತು. ಮೇಲೆತ್ತಿ ಊದಿ ತಣ್ಣಗಾಗಿಸಿದರೆ ಮತ್ತೆ ಹತ್ತಿತು. ನಾಲ್ಕು ಸಲ ಮಾಡಿಸಿದರು. ಐದನೆಯ ಸಲ ನಾನಾಗಿಯೇ ಮಾಡಿದೆ.

ಆದರೆ ಕೂರಿಸಲು ಬಿಡಲಿಲ್ಲ. "ಹುಡುಕೂದು ನೀ ಮಾಡಿದಿ. ಕೂಡ್ಸೂದು ಅಂವಾ ಮಾಡ್ಲಿ." ಮೆಕ್ಯಾನಿಕ್‌ಗೆ ಫೋನ್ ಮಾಡಿ ಸೋಮವಾರ ಬರಲು ಹೇಳಿದೆ. ರಾತ್ರಿ ಊಟಕ್ಕೆ ಕೂತಾಗ ಮಜ್ಜಿಗೆ ಬೇಕಾಗಿ, ಆ ಹೆಸರು ಬಾರದೆ, ಮತ್ತೆ ಮುಖ ತಿರುಗಿಸಿದರು. ಬೆಳಗಿನ ಮಾತಿನಿಂದ ಎಲ್ಲ ಸರಿಹೋಯಿತು ಎಂದು ನಾನು ಒಳಗೊಳಗೇ ನಂಬಿಬಿಟ್ಟಿದ್ದೆ. ಹಾಗೇನೂ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೆಕ್ಯಾನಿಕ್ ಬಂದ. ನಡುವಯಸ್ಸಿನವನು, ಕತ್ತಿನಲ್ಲಿ ಟವೆಲು. ಬಿಚ್ಚಿಟ್ಟ ಸಾಮಾನು, ಹೊಸ ಪೊಟ್ಟಣಗಳನ್ನು ನೋಡಿ, "ಯಾರು ನೋಡಿದರು?" ಎಂದು ಕೇಳಿದ. ಅಪ್ಪನ ಕಡೆ ತೋರಿಸಿದೆ. ಅವನು ಅವರ ಮಡಚಿದ ಕೈ ನೋಡಿದ, ನನ್ನ ಮುಖ ನೋಡಿದ. ಟಾರ್ಚನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿ, ಎರಡು ತುದಿ ತಾಗಿಸಿ, "ಸೂಪರ್ ಸಾರ್," ಎಂದ. ಕಾಯಿಲ್ ಹೊರಗೆ ತೆಗೆದು ಅದರ ಮೇಲೆ ಸುಣ್ಣದಂತೆ ಕಟ್ಟಿದ್ದ ಉಪ್ಪನ್ನು ಕೆರೆದು, ಹೊಸದೆಲ್ಲವನ್ನೂ ಕೂರಿಸಿ ಸ್ವಿಚ್ ಹಾಕಿದ. ಕೆಂಪು ದೀಪ ಹತ್ತಿತು. ಅದು ತಾನಾಗಿ ಆರುವ ತನಕ ಅಪ್ಪ ಅವನನ್ನು ಹೋಗಲು ಬಿಡಲಿಲ್ಲ. ಅವನೂ ಆತುರ ತೋರಿಸಲಿಲ್ಲ.

ಕಾಯುವ ಹೊತ್ತಿನಲ್ಲಿ ಅಪ್ಪ ಹಳೆಯ ಥರ್ಮೋಸ್ಟಾಟನ್ನು ಅವನ ಮುಂದೆ ತಳ್ಳಿ, ಒಡೆಯುವಂತೆ ಸನ್ನೆ ಮಾಡಿದರು. ಅವನು ತಲೆಯ ಕಪ್ಪು ಮುಚ್ಚಳವನ್ನು ಇಕ್ಕಳದಿಂದ ಚಿಟ್ಟೆಂದು ಸೀಳಿದ. ಒಳಗೆ ಎರಡು ಪುಟ್ಟ ತಗಡುಗಳು. ಬಿಸಿಯಾದಾಗ ದೂರ ಸರಿಯಬೇಕಾದವು, ಸಾಸಿವೆಯಷ್ಟು ಜಾಗದಲ್ಲಿ ಕರಗಿ ಒಂದಾಗಿದ್ದವು. ನಾವು ಮೂವರೂ ಮೇಜಿನ ಮೇಲೆ ಬಾಗಿದೆವು. ಅಪ್ಪ ಎಡಗೈಯ ಉಗುರಿನಿಂದ ಅದನ್ನು ಬಿಡಿಸಲು ನೋಡಿದರು. ಬಿಡಲಿಲ್ಲ.

"ಒಟ್ಟಿಕ್ಕಿಚ್ಚು," ಎಂದರು ಅವನಿಗೆ. ಅಂಟಿಕೊಂಡಿದೆ ಎಂದು. ಏಳು ತಿಂಗಳಲ್ಲಿ ಅವರ ಬಾಯಲ್ಲಿ ತಮಿಳು ಕೇಳಿದ್ದು ಅದೇ ಮೊದಲು.

ಯಾಕೆ ಅಂಟಿತು ಎಂಬುದರ ಬಗ್ಗೆ ಇಬ್ಬರಿಗೂ ಒಮ್ಮತವಿರಲಿಲ್ಲ. ಮಳೆಯಲ್ಲಿ ಕರೆಂಟು ಹೋಗಿ ಬಂದು ಮಾಡಿದಾಗ ಕಿಡಿ ಹಾರಿ ಕರಗಿದೆ ಎಂದು ಮೆಕ್ಯಾನಿಕ್. ಅಲ್ಲ, ಒಂಬತ್ತು ವರ್ಷದ ಸಣ್ಣ ಸಣ್ಣ ಕಿಡಿಗಳು ಸೇರಿ ಹೀಗಾಗಿದೆ ಎಂದು ಅಪ್ಪ, ಅರ್ಧ ತಮಿಳಿನಲ್ಲಿ, ಅರ್ಧ ಕೈಸನ್ನೆಯಲ್ಲಿ. ಅವನು ಕುರ್ಚಿ ಎಳೆದುಕೊಂಡು ಕೂತ. ನಾನು ಇಬ್ಬರಿಗೂ ಕಾಫಿ ಕೊಟ್ಟು, ಹಗಲು ಅಪ್ಪನನ್ನು ನೋಡಿಕೊಳ್ಳುವಾಕೆ ಬಂದ ಮೇಲೆ, ಬ್ಯಾಂಕಿಗೆ ತಡವಾಯಿತೆಂದು ಚಪ್ಪಲಿ ಹಾಕಿಕೊಂಡು ಹೊರಟಾಗಲೂ ವಾದ ನಡೆದೇ ಇತ್ತು.