ಗೋಡೆ ಕಟ್ಟಿದವರೇ ಬಯಲು ಬಿಡಿಸಿಕೊಟ್ಟರು

ಬೆಳಗಿನ ಐದೂವರೆ. ಪುಣೆಯ ವಾಕಡದಲ್ಲಿ ಐದು ಕಟ್ಟಡಗಳ ನಡುವಿನ ಬಯಲಿನಲ್ಲಿ ಗಾರೆ ಕೆಲಸದ ಗವಂಡಿ ಧರ್ಮಣ್ಣ ಮೊಣಕಾಲೂರಿ ಕೂತಿದ್ದಾರೆ. ನೇರಳೆ ಗಿಡದ ಸುತ್ತಲಿನ ಕಟ್ಟೆಯಲ್ಲಿ ಒಂದು ಇಟ್ಟಂಗಿ ಸಡಿಲಾಗಿದೆ. ಅದನ್ನು ಕಿತ್ತು, ಕೆಳಗಿನ ಬೇರನ್ನು ಬೆರಳಿನಿಂದ ತಡವಿ ನೋಡಿ, ನಾಲ್ಕು ಬೆರಳು ಆಚೆ ಸರಿಸಿ ಕೂಡಿಸುತ್ತಾರೆ. ಕರಣಿಯ ಹಿಡಿಯಿಂದ ಎರಡು ಪೆಟ್ಟು, ಮುಗಿಯಿತು.

"ಬೇರು ಈ ಕಡೆ ಬರಾಕತ್ತದ. ನಾವ ಒಂದೀಟು ಸರೀಬೇಕ್ರಿ" ಎನ್ನುತ್ತಾರೆ. ವಾಕಿಂಗಿಗೆ ಬಂದವರು ಅವರನ್ನು ದಾಟಿ ಹೋಗುತ್ತಾರೆ. ಕೆಲವರು ಕೈ ಎತ್ತುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಅವರು ಯಾರೆಂದು ಗೊತ್ತಿಲ್ಲ.

ಧರ್ಮಣ್ಣನವರಿಗೀಗ ಐವತ್ತೆರಡು. ಸುರಪುರ ಕಡೆಯವರು. 1991ರಲ್ಲಿ ಹೆಂಡತಿ ಮರೆಮ್ಮನ ಜೊತೆ ಪುಣೆಗೆ ಬಂದಾಗ ವಾಕಡದ ತುಂಬ ಕಬ್ಬು, ಜೋಳ. ಇವರು ಸಿಮೆಂಟು ಕಲಸುತ್ತಿದ್ದರು, ಆಕೆ ಬುಟ್ಟಿ ಹೊರುತ್ತಿದ್ದರು. ನಾಲ್ಕು ವರ್ಷದಲ್ಲಿ ಕರಣಿ ಇವರ ಕೈಗೆ ಬಂತು. 1998ರಲ್ಲಿ ಈ ಐದು ಕಟ್ಟಡಗಳು ಎದ್ದವು. ಪ್ರತಿ ಕಟ್ಟಡದ ಸೊಸೈಟಿಯವರೂ ತಮ್ಮ ತಮ್ಮ ಹಿತ್ತಲಿಗೆ ಗೋಡೆ ಬೇಕೆಂದರು. ಏಳು ಅಡಿ ಎತ್ತರ, ಮೇಲೆ ಗಾಜಿನ ಚೂರು. ಆ ಗೋಡೆಗಳನ್ನೆಲ್ಲ ಕಟ್ಟಿದವರು ಇದೇ ಧರ್ಮಣ್ಣ.

ಗೋಡೆಗಳ ನಡುವಿನ ಹಿತ್ತಲುಗಳಲ್ಲಿ ಒಡೆದ ಟೈಲ್ಸು, ಹಳೆಯ ಕಮೋಡು, ಹೆಗ್ಗಣಗಳು ಸೇರಿಕೊಂಡವು. ಮಕ್ಕಳು ರಸ್ತೆಯಲ್ಲಿ ಆಡುತ್ತಿದ್ದರು. 2002ರಲ್ಲಿ ಒಂದು ಸಂಜೆ, ಚೆಂಡಿನ ಹಿಂದೆ ಓಡಿದ ಒಂಬತ್ತು ವರ್ಷದ ಸ್ನೇಹಲ್‌ಗೆ ಟೆಂಪೋ ಬಡಿದು ಕಾಲು ಮುರಿಯಿತು. ಹುಡುಗಿಯ ಅಜ್ಜ ಶಿವಪುತ್ರಪ್ಪ ಜಮಖಂಡಿ ಕಡೆಯವರು, ಶಿವಾಜಿನಗರದ ಆಫೀಸೊಂದರಲ್ಲಿ ಕ್ಲಾರ್ಕ್ ಆಗಿ ನಿವೃತ್ತರಾದವರು. ಆ ವಾರ ಅವರ ಮನೆಯ ಬಚ್ಚಲಿನ ಸೋರಿಕೆ ಸರಿಮಾಡಲು ಹೋಗಿದ್ದ ಧರ್ಮಣ್ಣ, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದ ಹುಡುಗಿಯನ್ನು ನೋಡಿದರು. ಹೊರಡುವಾಗ ಶಿವಪುತ್ರಪ್ಪನವರ ಹತ್ತಿರ ಮೆಲ್ಲಗೆ ಒಂದು ಲೆಕ್ಕ ಹೇಳಿದರು. ಗೋಡೆ ತೆಗೆದು ಐದೂ ಹಿತ್ತಲು ಕೂಡಿಸಿದರೆ ನೂರಾ ಎಂಬತ್ತು ಅಡಿ ಉದ್ದ, ತೊಂಬತ್ತು ಅಡಿ ಅಗಲದ ಬಯಲು ಸಿಗುತ್ತದೆ ಎಂದು. ಗೋಡೆಗೆ ದಾರ ಹಿಡಿದವರು ಅವರೇ, ಅಳತೆ ತಲೆಯಲ್ಲಿತ್ತು.

ಒಂಬತ್ತು ತಿಂಗಳು ಮೀಟಿಂಗು ನಡೆದವು. ಕಳ್ಳರು ನುಗ್ಗುತ್ತಾರೆ ಎಂದರು ಒಬ್ಬರು. ಬೇರೆಯವರ ಮಕ್ಕಳ ಗದ್ದಲ ನಮಗೇಕೆ ಎಂದರು ಇನ್ನೊಬ್ಬರು. ಕೊನೆಗೆ ಶಿವಪುತ್ರಪ್ಪ, ಬಾಗಿಲ ಬಳಿ ನಿಂತಿದ್ದ ಧರ್ಮಣ್ಣನನ್ನು ಮುಂದೆ ಕರೆದರು. ತಮ್ಮ ಹರಕು ಮರಾಠಿಯಲ್ಲಿ ಅಂದು ಹೇಳಿದ್ದನ್ನು ಧರ್ಮಣ್ಣ ಈಗ ಕನ್ನಡದಲ್ಲಿ ನೆನೆಯುತ್ತಾರೆ: "ಈ ಗೋಡಿ ನಾನೇ ಕಟ್ಟೀನಿ, ಒಡಿಯಾಕ ಬಿಡ್ರಿ ಅಂದೆ. ಒಂದು ಮಳಿಗಾಲ ನೋಡ್ರಿ. ಬ್ಯಾಡ ಅನ್ನಿಸಿದ್ರ ಪಗಾರ ಇಲ್ದ ತಿರುಗಿ ಕಟ್ಟಿಕೊಡ್ತೀನಿ ಅಂದೆ."

2003ರ ಮಾರ್ಚಿನಲ್ಲಿ ಗೋಡೆಗಳು ಬಿದ್ದವು. ಮರೆಮ್ಮ ಒಂದೊಂದೇ ಇಟ್ಟಂಗಿಯ ಗಾರೆ ಕೆರೆದು ಜೋಡಿಸಿಟ್ಟರು. ಅದರಲ್ಲೇ ಹನ್ನೊಂದು ಕಟ್ಟೆ, ಸುತ್ತಲೂ ಕಾಲುದಾರಿ ಆದವು. ಬೇವು, ಹೊಂಗೆ, ನೇರಳೆ ಸೇರಿ ಅರವತ್ತು ಸಸಿ ಊರಿದರು.

ಜುಲೈಯಲ್ಲಿ ಮಳೆ ಹಿಡಿಯಿತು. ಬಯಲಿನಲ್ಲಿ ಮೊಣಕಾಲುದ್ದ ನೀರು ನಿಂತು ಇಪ್ಪತ್ತಮೂರು ಸಸಿ ಕೊಳೆತವು. ಸೊಳ್ಳೆ ಎದ್ದವು. ಐದನೆಯ ಕಟ್ಟಡದವರು ತಮ್ಮ ಗೋಡೆ ಮತ್ತೆ ಕಟ್ಟಿಸುವುದೆಂದು ಠರಾವು ಮಾಡಿದರು. ಆಡಿದ ಮಾತಿಗೆ ಕಟ್ಟುಬಿದ್ದಿದ್ದ ಧರ್ಮಣ್ಣ ಒಲ್ಲೆ ಎನ್ನುವಂತಿರಲಿಲ್ಲ. ನೆಲದ ಇಳಿಜಾರು ಅವರು ಸರಿಯಾಗಿಯೇ ಕೊಟ್ಟಿದ್ದರು, ನೀರು ರಸ್ತೆಯ ಗಟಾರಕ್ಕೆ ಹೋಗಬೇಕಿತ್ತು. ಎಂಟು ದಿನ ಗಡುವು ಕೇಳಿಕೊಂಡು ಮಳೆಯಲ್ಲೇ ನಿಂತು ನೋಡಿದರು. ನೀರು ನಿಂತದ್ದು ನೆಟ್ಟಗೆ ಗೆರೆ ಎಳೆದ ಹಾಗೆ, ಹಳೆಯ ಗೋಡೆ ಇದ್ದಲ್ಲಿಯೇ.

"ಮ್ಯಾಲಿನ ಗೋಡಿ ಒಡದಿದ್ದೆ, ಬುನಾದಿ ನೆಲದಾಗ ಹಂಗ ಬಿಟ್ಟಿದ್ದೆ. ಅದೇ ಒಡ್ಡಿನಂಗ ನೀರು ತಡದಿತ್ತು. ತಪ್ಪು ನಂದೇರಿ."

ಗಂಡ ಹೆಂಡತಿ ನಾಲ್ಕು ದಿನ ಕೆಸರಿನಲ್ಲಿ ನಿಂತು ಬುನಾದಿ ಅಗೆದು ತೆಗೆದರು. ಐದನೆಯ ದಿನ ಮಧ್ಯಾಹ್ನದೊಳಗೆ ನೀರೆಲ್ಲ ಇಳಿಯಿತು. ಠರಾವನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ಮತ್ತೆ ಯಾರೂ ಅದರ ಮಾತೂ ಎತ್ತಲಿಲ್ಲ. ಕೊಳೆತ ಸಸಿಗಳ ಜಾಗದಲ್ಲಿ ಆಗಸ್ಟಿನಲ್ಲಿ ಹೊಸವು ಬಂದವು.

ಈಗ 2007. ಐವತ್ತೇಳು ಗಿಡಗಳಿವೆ, ಎತ್ತರದವು ಎರಡನೆಯ ಮಹಡಿಯ ಕಿಟಕಿ ಮುಟ್ಟಿವೆ. ಬೆಳಿಗ್ಗೆ ನೂರೈವತ್ತು ಜನ ನಡೆಯುತ್ತಾರೆ, ಸಂಜೆ ಎಪ್ಪತ್ತು ಮಕ್ಕಳು ಆಡುತ್ತಾರೆ. ಕಬಡ್ಡಿ ತಂಡದ ನಾಯಕಿ ಸ್ನೇಹಲ್. ಧರ್ಮಣ್ಣ ದಿನಾ ಎರಡು ತಾಸು ಇಲ್ಲಿ ನೋಡಿಕೊಂಡು, ಎಂಟಕ್ಕೆ ಬೇರೆ ಕೆಲಸಕ್ಕೆ ಹೋಗುತ್ತಾರೆ. ಹಿಂದೆ ಮರೆಮ್ಮನನ್ನು ಗೇಟಿನಲ್ಲಿ ಹೆಸರು ಬರೆಸಿಕೊಂಡೇ ಒಳಗೆ ಬಿಡುತ್ತಿದ್ದರು. ಈಗ ಮಧ್ಯಾಹ್ನ ಆಕೆ ಹೊಂಗೆಯ ನೆರಳಲ್ಲಿ ಬುತ್ತಿ ಬಿಚ್ಚಿದರೆ, ಮೇಲಿನ ಮನೆಗಳ ಹೆಂಗಸರು ಉಪ್ಪಿನಕಾಯಿ ಹಿಡಿದು ಇಳಿದು ಬರುತ್ತಾರೆ. ಹೋದ ತಿಂಗಳು ಪಕ್ಕದ ಓಣಿಯ ಸೊಸೈಟಿಯವರು ತಮ್ಮ ಗೋಡೆ ಎತ್ತರಿಸಲು ಕರೆದಿದ್ದರು. ಧರ್ಮಣ್ಣ ಅವರನ್ನು ಒಂದು ಸಂಜೆ ಇಲ್ಲಿ ತಂದು ಕೂಡಿಸಿದರು. ಗುರುವಾರ ಹೇಳಿಕಳಿಸಿದ್ದಾರೆ, ಹಾರೆ ತೆಗೆದುಕೊಂಡು ಬಾ ಎಂದು.

ನಿಮಗೇನು ಆಸೆ ಎಂದು ಕೇಳಿದರೆ ಧರ್ಮಣ್ಣ ತಾವು ವಾಸವಿರುವ ಕೂಲಿಕಾರರ ವಸ್ತಿಯ ಮಾತು ತೆಗೆಯುತ್ತಾರೆ. ಅಲ್ಲಿ ಪತ್ರಾಸಿನ ತಗಡು ಹೊದಿಸಿದ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಳದ ಮುಂದೆ ಕೊಡ ಇಟ್ಟ ಹೆಂಗಸರು ಬಿಸಿಲಲ್ಲೇ ಕಾಯುತ್ತಾರೆ.

"ನಳದ ಬಾಜೂಕ ಅಳದು ನೋಡೀನ್ರಿ" ಎಂದು ಕರಣಿ ಒರೆಸುತ್ತಾ ಏಳುತ್ತಾರೆ. "ಎಂಟು ಅಡಿ ಅದ. ಒಂದು ಬೇವಿಗೆ ಭಾಳ ಆತು."