ಬೀಗ ಹಾಕಿದ ಮನೆಯ ಒಲೆ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅವರನ್ನು ಗೋಳು ಹೊಯ್ದುಕೊಳ್ಳುವುದು ನನ್ನ ಹಳೆಯ ಚಟ. ಹೂವಿನ ಹಿಪ್ಪರಗಿಯ ನಮ್ಮ ಮನೆಯಲ್ಲಿ ಅಜ್ಜಿ, ಮುಸ್ಸಂಜೆಯಲ್ಲಿ ಬೇವಿನ ಗಿಡದ ಕೆಳಗೆ ತಲೆ ಬಾಚಬೇಡ ಎಂದರೆ ಬೇಕೆಂದೇ ಬಾಚಣಿಗೆ ಹಿಡಿದು ಅಲ್ಲಿಯೇ ಕೂರುತ್ತಿದ್ದೆ. ಈಗ ಮುದ್ದೇಬಿಹಾಳದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಖ ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ ಎನ್ನುವ ಪಾಠ ಪ್ರತಿ ವರ್ಷ ಬರುತ್ತದೆ. ಆ ಪಾಠಕ್ಕೆ ಬಂದಾಗ ಮಾತ್ರ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಯಾಕೆಂದು ಮಕ್ಕಳಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನಂಬಲೇಬೇಕೆಂಬ ಹಟ ನನಗಿಲ್ಲ.

ನಾನಾಗ ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಸಮಾಜ ಸೇವೆಗೂ ಅಂಕ ಕೊಡುವ ಹೊಸ ಪದ್ಧತಿ ಬಂದಿತ್ತು. ಅಂಕ ಬಂದ ಮೇಲೆ ಸೇವಾಭಾವ ಎಲ್ಲರಿಗೂ ಉಕ್ಕಿ ಬಂತು. ದೇವರ ಹಿಪ್ಪರಗಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ ವಾರದ ಶಿಬಿರ. ಊರ ಹೆಸರು ಬೇಡ. ಹೇಳಿದರೆ ತಪ್ಪು ಮಾಡಿದವರಿಗೆ ಏನೂ ಆಗುವುದಿಲ್ಲ, ಅಲ್ಲೇ ಬಾಳಬೇಕಾದವರಿಗೆ ಆಗುತ್ತದೆ.

ಎಳೆಯ ಜೋಳದ ತೆನೆಯ ಸೀತನಿ ಸುಟ್ಟು ತಿನ್ನುವ ಕಾಲ, ಹೊಲದ ತುಂಬ ಬಿಳಿಜೋಳ ನಿಂತಿತ್ತು. ಬಿಳಿ ಟೋಪಿ ಹಾಕಿಕೊಂಡು ಬೆಳಿಗ್ಗೆ ಊರು ಸುತ್ತಿ ಘೋಷಣೆ ಕೂಗಿದೆವು. ಗುಡಿಯ ಅಂಗಳ ಗುಡಿಸಿದೆವು. ಹಿಂದಿನ ವರ್ಷ ಬೇರೆ ಕಾಲೇಜಿನವರು ತೋಡಿ, ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಹೋದ ಕುಣಿಗಳಲ್ಲಿಯೇ ನಾವೂ ಸಸಿ ನೆಟ್ಟು ಫೋಟೋ ತೆಗೆಸಿಕೊಂಡೆವು. ಆ ಕುಣಿಗಳಲ್ಲಿ ಹಿಂದಿನ ಸಸಿಗಳ ಒಣಕಡ್ಡಿ ಇನ್ನೂ ಇತ್ತು. ಅದನ್ನು ಕಿತ್ತು ಹಾಕಿದ್ದೂ ಶ್ರಮದಾನದ ಲೆಕ್ಕಕ್ಕೇ ಸೇರಿತು. ಊಟಕ್ಕೆ ದಿನಕ್ಕೊಂದು ಓಣಿಯವರು ಮನೆಮನೆಯಿಂದ ರೊಟ್ಟಿ ಕೂಡಿಸಿ ಕೊಡುತ್ತಿದ್ದರು. ಬೆಳಕು ಹರಿಯುವ ಮೊದಲೇ ಎಲ್ಲ ಮನೆಗಳಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನನಗೆ ಅಲ್ಲಿ ನಿಜವಾಗಿ ಸೇರಿದ್ದು ಅದೊಂದೇ.

ಊರಲ್ಲಿ ಒಬ್ಬ ದೊಡ್ಡ ಮನುಷ್ಯನಿದ್ದ. ಎಲ್ಲರೂ ಅವನನ್ನು ಸಾವ್ಕಾರ ಎನ್ನುತ್ತಿದ್ದರು. ಪೆಂಡಾಲು, ಮೈಕು, ನಮ್ಮ ಹಾಸಿಗೆಗೆ ಜಮಖಾನೆ, ಸಂಜೆಯ ಚಹಾ ಎಲ್ಲ ಅವನದೇ. ಶಿಬಿರ ನೋಡಿಕೊಳ್ಳುತ್ತಿದ್ದ ನಮ್ಮ ಸರ್ ಅವನ ಮುಂದೆ ನಿಂತರೆ ಬೆನ್ನೇ ನೆಟ್ಟಗಾಗುತ್ತಿರಲಿಲ್ಲ. ಶಿಬಿರ ಅರ್ಧ ಕಳೆದಾಗ ಸಾವ್ಕಾರ ನಮ್ಮನ್ನು ಬಸ್ ನಿಲ್ಲುವ ಜಾಗದ ಎದುರಿನ ಒಂದು ಮನೆಗೆ ಕರೆದುಕೊಂಡು ಹೋದ. "ಹಾಳು ಬಿದ್ದ ಮನಿರೀ ಇದು. ಹಾವು ಚೇಳು ಆಗ್ಯಾವ. ನಿಮ್ಮ ಹುಡುಗ್ರು ಕೈ ಹಚ್ಚಿ ಕೆಡವಿ ಸಪಾಟು ಮಾಡಿದ್ರ ಊರಿಗೆ ಉಪಕಾರ ಆಕ್ಕೈತಿ" ಎಂದ. ಸರ್ ಒಪ್ಪಿಯೇಬಿಟ್ಟರು. ನಾನು ನೋಡಿದಂತೆ ಅದು ಹಾಳು ಬಿದ್ದಿರಲಿಲ್ಲ. ಮಣ್ಣಿನ ಮಾಳಿಗೆಯ ಒಂದು ಮೂಲೆ ಕುಸಿದಿತ್ತು, ಅಷ್ಟೇ. ಬಾಗಿಲಿಗೆ ಬೀಗವಿತ್ತು. ಹಾಳು ಮನೆಗೆ ಯಾರು ಬೀಗ ಹಾಕುತ್ತಾರೆ?

ಆ ದಿನ ಹುಡುಗರು ಹಿತ್ತಲಿನ ಸುತ್ತುಗೋಡೆ ಮಾತ್ರ ಕೆಡವಿದರು. ಸಂಜೆ ನಾನು ನೀರು ತರಲು ಹೋದಾಗ ಆ ಮನೆಯ ಪಕ್ಕದಲ್ಲೇ ಇದ್ದ ಗಂಗವ್ವ ಕೊಡ ತುಂಬುತ್ತಿದ್ದಳು. ಯಾರ ಮನೆ ಅದು ಎಂದು ಕೇಳಿದೆ. ಆಚೀಚೆ ನೋಡಿ ಸಣ್ಣ ದನಿಯಲ್ಲಿ ಹೇಳಿದಳು.

"ನೀಲವ್ವಂದು. ಗಂಡ ಇಲ್ಲ, ಮಗಳನ್ನ ಕಟ್ಟಿಕೊಂಡು ಗೋವಾಕ್ಕ ಮನಿ ಕಟ್ಟೂ ಗೌಂಡಿ ಕೆಲಸಕ್ಕ ಹೋಗ್ಯಾಳ. ಸುಗ್ಗಿಗೆ ಬರ್ತಾಳ. ಆ ಜಾಗದ ಮ್ಯಾಲ ಸಾವ್ಕಾರನ ಕಣ್ಣು ಬಿದ್ದು ಭಾಳ ದಿನಾ ಆತವ್ವ. ಮನಿ ನಿಂತಿರೂತನಕ ಆಕೀದು. ಬಿತ್ತಂದ್ರ ಯಾರ ಕೇಳ್ತಾರ?"

"ಮತ್ತ ನೀವ್ಯಾರೂ ಯಾಕ ಹೇಳವಲ್ರಿ?"

"ನಾ ಇದ ಊರಾಗ ಬಾಳೇ ಮಾಡಬೇಕಲ್ಲ ತಂಗಿ. ನೀವು ನಾಕ ದಿನಾ ಇದ್ದು ಹೋಗವರು, ನೀವು ಹೇಳ್ರಿ" ಎಂದು ಕೊಡ ಹೊತ್ತು ಹೋದಳು.

ನಾನು ಸರ್ ಹತ್ತಿರ ಹೋಗಿ ಹೇಳಿದೆ. ಊರ ರಾಜಕೀಯ ನಮಗೆ ಯಾಕೆ ಎಂದರು. ಇದು ರಾಜಕೀಯವಲ್ಲ, ಒಬ್ಬ ಹೆಂಗಸಿನ ಮನೆ ಎಂದೆ. "ನೀ ಭಾಳ ಮಾತಾಡ್ತಿ" ಎಂದರು. ಬೇರೆಯವರ ಮನೆಯನ್ನು ನಮ್ಮ ಕೈಯಿಂದಲೇ ಕೆಡವಿಸುವ ಉಪಾಯ ಇದು ಎಂದು ಹುಡುಗರಿಗೂ ಹೇಳಿದೆ. ಅವರಿಗೆ ನಗು. ಗುದ್ದಲಿ ಹಿಡಿದು ವಿಡಿಯೋ ಮಾಡಿಸಿಕೊಳ್ಳುವ ಹುರುಪಿನಲ್ಲಿ ಇರುವವರಿಗೆ ಗೋಡೆ ಯಾರದಾದರೇನು.

ಮರುದಿನ ಮಧ್ಯಾಹ್ನ. ಬಿಸಿಲು ನೆತ್ತಿಯ ಮೇಲಿತ್ತು. ಹುಡುಗರೆಲ್ಲ ಊಟಕ್ಕೆ ನಾವು ಉಳಿದುಕೊಂಡಿದ್ದ ಶಾಲೆಯ ಕಡೆ ಹೋಗಿದ್ದರು. ನನಗೆ ಅವರ ಸಂಗಡ ಕೂತು ಉಣ್ಣುವ ಮನಸ್ಸಿರಲಿಲ್ಲ. ನಾನೂ ನನ್ನ ಗೆಳತಿ ಸವಿತಾಳೂ ಆ ಮನೆಯ ಕಟ್ಟೆಯ ಮೇಲೆ, ಬೀಗ ಹಾಕಿದ ಬಾಗಿಲಿಗೆ ಒರಗಿ ಕೂತಿದ್ದೆವು. ಸವಿತಾ ಇಂಡಿಯವಳು, ನನಗಿಂತ ಗಟ್ಟಿ ಹುಡುಗಿ. ಆಗ ಒಳಗಿನಿಂದ ಸಪ್ಪಳ ಬಂತು. ರೊಟ್ಟಿ ಬಡಿಯುವ ಸಪ್ಪಳ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದನ್ನು ಬೇರೆ ಯಾವುದೋ ಸಪ್ಪಳ ಎಂದುಕೊಳ್ಳಲು ಸಾಧ್ಯವೇ ಇಲ್ಲ. ಎರಡೂ ಕೈಯಿಂದ ತಿರುಗಿಸುತ್ತ ಬಡಿಯುವುದು, ನಡುವೆ ಒಂದಿಷ್ಟು ತಡೆದು ಹಿಟ್ಟು ಉದುರಿಸುವುದು, ಮತ್ತೆ ಬಡಿಯುವುದು. ಹಿಂದೆಯೇ ಜೋಳದ ರೊಟ್ಟಿ ಬೇಯುವ ವಾಸನೆ.

ನಿಜ ಹೇಳುತ್ತೇನೆ, ನನಗೆ ಹೆದರಿಕೆ ಆಗಲಿಲ್ಲ. ಖುಷಿಯಾಯಿತು. ನೀಲವ್ವ ಬಂದುಬಿಟ್ಟಿದ್ದಾಳೆ, ಇನ್ನು ಮನೆ ಉಳಿಯಿತು ಎಂದುಕೊಂಡೆ. ಹೊರಗೆ ಬೀಗವಿದೆಯಲ್ಲ ಎಂದು ಸವಿತಾ ತೋರಿಸಿದಳು. ಹಿಂದೆ ಇನ್ನೊಂದು ಬಾಗಿಲು ಇರಬೇಕು ಎಂದೆ. ಬಾಗಿಲು ಬಡಿದು "ಅಕ್ಕಾರ, ಅಕ್ಕಾರ" ಎಂದು ಕೂಗಿದೆವು. ಸಪ್ಪಳ ನಿಲ್ಲಲಿಲ್ಲ, ಉತ್ತರವೂ ಬರಲಿಲ್ಲ. ಸವಿತಾಳನ್ನು ಅಲ್ಲಿಯೇ ಬಿಟ್ಟು ನಾನು ಶಾಲೆಗೆ ಓಡಿದೆ. ಮನೆಯೊಳಗೆ ಮನೆಯವಳೇ ಇದ್ದಾಳೆ, ಇನ್ನು ಹೇಗೆ ಕೆಡವುತ್ತೀರಿ ಎಂದು ಎಲ್ಲರೆದುರು ಕೇಳಿದೆ. ಸಾವ್ಕಾರನೂ ಅಲ್ಲಿದ್ದ. ಅವನ ಮುಖ ಬಿಳುಚಿಕೊಂಡದ್ದು ನನಗೆ ಇನ್ನೂ ನೆನಪಿದೆ, ಅದನ್ನು ನೆನೆದರೆ ಈಗಲೂ ಸ್ವಲ್ಪ ಸಮಾಧಾನವಾಗುತ್ತದೆ.

ಎಲ್ಲರೂ ಬರುವ ಹೊತ್ತಿಗೆ ಸಪ್ಪಳ ನಿಂತಿತ್ತು. ಈಗಷ್ಟೇ ನಿಂತಿತು ಎಂದಳು ಸವಿತಾ. ಹಿಂದೆ ಹೋಗಿ ನೋಡಿದರೆ ಬರೀ ಮನೆಯ ಗೋಡೆ, ಬಾಗಿಲೇ ಇಲ್ಲ. ಸಾವ್ಕಾರ ಒಬ್ಬ ಹುಡುಗನಿಂದ ಹಾರೆ ಹಾಕಿಸಿ ಬೀಗ ಮುರಿಸಿದ. ಒಳಗೆ ನೆಲದ ಮೇಲೆ ದಪ್ಪಗೆ ಧೂಳು ಕೂತಿತ್ತು. ಅದರ ಮೇಲೆ ಒಂದು ಹೆಜ್ಜೆಯಿಲ್ಲ. ಬಾಗಿಲಿನಿಂದ ಒಳಕ್ಕೆ ಜೇಡರ ಬಲೆ ಹರಡಿತ್ತು, ಅದನ್ನು ಕೈಯಿಂದ ಸರಿಸಿಯೇ ಹೋಗಬೇಕಾಯಿತು. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನಲ್ಲಿ ಮೂಲೆಯ ಒಲೆ ಕಾಣುತ್ತಿತ್ತು. ಒಲೆಯಲ್ಲಿ ಬೂದಿ, ಬೂದಿಯ ಕೆಳಗೆ ಕೆಂಡ. ಸವಿತಾ ಬಗ್ಗಿ ಒಲೆಯ ಅಂಚನ್ನು ಮುಟ್ಟಿ ಚಿಟ್ಟನೆ ಚೀರಿದಳು. ಬೆರಳ ತುದಿಯಲ್ಲಿ ಗುಳ್ಳೆ ಎದ್ದಿತು.

ಮೊದಲು ಬಾಯಿಬಿಟ್ಟವರು ಸರ್. ಬೆಳಕಿಂಡಿಯ ಬಿಸಿಲಿಗೆ ಒಲೆ ಕಾದಿದೆ ಎಂದರು. ಅದೇ ಹೊತ್ತಿಗೆ ಸಾವ್ಕಾರ, ಯಾರೋ ಕುರಿಯವರು ಬಂದು ಅಡುಗೆ ಮಾಡಿಕೊಂಡು ಹೋಗಿದ್ದಾರೆ ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುರಿಯವರು ಮುರಿಯದ ಬೀಗದ ಹಿಂದೆ ಹೇಗೆ ಬಂದರು ಎಂದು ಕೇಳಿದೆ. ಬಿಸಿಲಿಗೆ ರೊಟ್ಟಿಯ ವಾಸನೆ ಬರುತ್ತದೆಯೇ ಎಂದು ಸರ್ ಅವರನ್ನು ಕೇಳಿದೆ. ಅವರೂ ವಿಜ್ಞಾನದವರೇ. ಉತ್ತರದ ಬದಲು ಸಾವ್ಕಾರ ಒಬ್ಬ ಹುಡುಗಿಯ ಕೈಯಲ್ಲಿದ್ದ ಕುಡಿಯುವ ನೀರಿನ ಕೊಡವನ್ನು ಕಸಿದುಕೊಂಡು ಒಲೆಯ ಮೇಲೆ ಸುರಿದ. ಚುಂಯ್ ಎಂದು ಸದ್ದಾಯಿತು, ಬೆಳಕಿಂಡಿಯತ್ತ ಉಗಿ ಎದ್ದಿತು. ಬಿಸಿಲಿಗೆ ಕಾದದ್ದೇ ಆಗಿದ್ದರೆ ಅಷ್ಟು ಅವಸರದಿಂದ ನೀರು ಹಾಕುವ ಅಗತ್ಯ ಏನಿತ್ತು?

"ನಡೀರಿ ನಡೀರಿ, ಕೆಲಸಾ ಮುಗಸ್ರಿ. ಹೊತ್ತು ಮುಣಗೂದ್ರಾಗ ಆಗಬೇಕು" ಎಂದ.

ಕೈಗೆ ಕೊಟ್ಟ ಮಣ್ಣಿನ ಬುಟ್ಟಿಯನ್ನು ನಾನು ಕೆಳಗಿಟ್ಟೆ. ನಾನು ಮಣ್ಣು ಹೊರುವುದಿಲ್ಲ, ನೀವೂ ಹೊರಬೇಡಿ ಎಂದು ಎಲ್ಲರಿಗೂ ಕೂಗಿ ಹೇಳಿದೆ. ಸವಿತಾ ಒದ್ದೆ ಬಟ್ಟೆ ಸುತ್ತಿದ ಕೈ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತಳು. ಇನ್ನು ಕೆಲವರು ಹಿಂದೆಮುಂದೆ ನೋಡಿದರು. ಸರ್ ಅಂಕದ ಮಾತೆತ್ತಿದರು. ಮುಗಿಯಿತು, ಎಲ್ಲರೂ ಗುದ್ದಲಿ ಎತ್ತಿಕೊಂಡರು. ಈಗಷ್ಟೇ ಕೆಂಡ ನೋಡಿ ಬಾಯಿ ಒಣಗಿಸಿಕೊಂಡವರು! ದೆವ್ವಕ್ಕಿಂತ ಅಂಕಕ್ಕೆ ಹೆಚ್ಚು ಹೆದರುವ ಮಕ್ಕಳನ್ನು ನಾನು ಅಂದೇ ಮೊದಲು ಕಂಡದ್ದು. ಸಂಜೆಯೊಳಗೆ ಮಾಳಿಗೆ ಇಳಿಯಿತು, ಗೋಡೆಗಳು ಬಿದ್ದವು, ಒಲೆ ಮಣ್ಣಿನಡಿ ಹೋಯಿತು. ಗಂಗವ್ವ ತನ್ನ ಬಾಗಿಲು ಹಾಕಿಕೊಂಡಿದ್ದಳು.

ಆಮೇಲೆ ನಾನು ಈ ವಿಷಯವನ್ನು ಕೇಳದವರಿಲ್ಲ. ಭೌತಶಾಸ್ತ್ರ ಬಲ್ಲವರನ್ನು ಕೇಳಿದೆ. ಮಣ್ಣಿನ ಮನೆ ಕಟ್ಟುವ ಗೌಂಡಿಗಳನ್ನು ಕೇಳಿದೆ. ಸಪ್ಪಳ ಗಂಗವ್ವನ ಮನೆಯದೇ ಇರಬೇಕು, ಗೋಡೆಗೆ ಗೋಡೆ ಹತ್ತಿದ ಮನೆ ಎಂದರು ಕೆಲವರು. ಇರಬಹುದು. ಹಳೆಯ ಸಗಣಿ ಕುಳ್ಳಿನ ಬೆಂಕಿ ಬೂದಿಯಲ್ಲಿ ಬಹಳ ಹೊತ್ತು ಇರುತ್ತದೆ ಎಂದರು. ಬಹಳ ಹೊತ್ತು ಎಂದರೆ ತಿಂಗಳುಗಟ್ಟಲೆಯೇ? ಅಂದು ಯಾರೋ ಫೋನಿನಲ್ಲಿ ತೆಗೆದ ಫೋಟೋದಲ್ಲಿ ಕಪ್ಪು ಒಲೆ ಬಿಟ್ಟರೆ ಏನೂ ಇಲ್ಲ. ಸವಿತಾಳ ಬೆರಳಿನ ಗುಳ್ಳೆ ಮಾತ್ರ ಸುಳ್ಳಲ್ಲ. ನಾನೇ ಅದಕ್ಕೆ ಮುಲಾಮು ಹಚ್ಚಿದ್ದೇನೆ. ಇದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ, ಹೋಗುತ್ತದೆಂದು ನಟಿಸುವುದೂ ಇಲ್ಲ.

ಸಮಾರೋಪದ ದಿನದ ಸಂಗತಿಯೊಂದು ಉಳಿದಿದೆ. ಪೆಂಡಾಲಿನಲ್ಲಿ ಭಾಷಣ ನಡೆದಿತ್ತು. ನಮ್ಮ ಕಾಲೇಜಿನ ಸೇವೆಯನ್ನು ಹೊಗಳಿದ್ದೇ ಹೊಗಳಿದ್ದು. ಮಧ್ಯಾಹ್ನದ ಬಸ್ಸಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಚೀಲ ಹೊತ್ತು ಇಳಿದಳು. ಸೀರೆಯ ಅಂಚಿಗೆ ಸಿಮೆಂಟು ಮೆತ್ತಿತ್ತು. ಗಂಗವ್ವ ಕೊನೆಗೂ ಧೈರ್ಯ ಮಾಡಿ ಫೋನ್ ಮಾಡಿದ್ದಳಂತೆ. ನೀಲವ್ವ ಅಳಲಿಲ್ಲ, ಕೂಗಾಡಲೂ ಇಲ್ಲ. ಚೀಲ ಇಳಿಸದೆ ಆ ಬಯಲನ್ನು ನೋಡುತ್ತ ನಿಂತಳು. ಸಾವ್ಕಾರ ಎದ್ದು ಬಂದ. "ನಾ ಏನೂ ಕೈ ಹಚ್ಚಿಲ್ಲವ್ವ ನೀಲವ್ವ. ಕಾಲೇಜಿನ ಹುಡುಗ್ರು ಊರ ಸೇವಾ ಮಾಡ್ಯಾರ. ಬಿದ್ದ ಮನಿ ಅಂತ ತಿಳದಾರ, ಪಾಪ" ಎಂದು ಹೇಳಿ ವೇದಿಕೆಗೆ ಹಿಂದಿರುಗಿದ. ಒಲೆಗೆ ನೀರು ಸುರಿದ ಕೈಗಳಿಂದಲೇ ನಮ್ಮ ಸರ್‌ಗೆ ಹಾರ ಹಾಕಿದ. ಆ ಜಾಗದಲ್ಲಿ ಈಗ ಅವನ ಅಂಗಡಿಗಳಿವೆ. ನೀಲವ್ವ ಕಚೇರಿಗಳಿಗೆ ಅಲೆದು, ಸೋತು, ಗೋವಾಕ್ಕೇ ಹೋದಳೆಂದು ಆಮೇಲೆ ಗಂಗವ್ವ ಹೇಳಿದಳು.

ಆ ಸಮಾರೋಪದ ದಿನ ನಾನೂ ಸವಿತಾಳೂ ಪೆಂಡಾಲಿನಿಂದ ಎದ್ದು ಅವಳ ಬಳಿ ಹೋದೆವು. ಅಷ್ಟರಲ್ಲಿ ಅವಳು ಮಣ್ಣಿನ ಗುಡ್ಡೆಯ ಮೇಲೆ ಕುಳಿತಿದ್ದಳು. ಏನು ಹೇಳಿ ಸಮಾಧಾನ ಮಾಡಬೇಕೋ ತಿಳಿಯದೆ ನಾನು ಮನೆ ಕೆಡವಿದ ದಿನದ್ದನ್ನೆಲ್ಲ ಹೇಳಿದೆ. ರೊಟ್ಟಿಯ ಸಪ್ಪಳ, ವಾಸನೆ, ಕೆಂಡ. ಸವಿತಾ ಬೆರಳು ತೋರಿಸಿದಳು. ನೀಲವ್ವ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಗುಳ್ಳೆಯ ಸುತ್ತ ಬೆರಳಾಡಿಸಿ ನೋಡಿದಳು.

"ನಾ ಹೋಗೂ ಮುಂದ ಒಲಿ ಸಾರಿಸಿ, ಬೂದಿ ಒಂದ ಚೂರೂ ಬಿಡದಂಗ ಬಳದು ಹೋಗಿದ್ನೆವ್ವ" ಎಂದಳು.

ಅವಳು ಬೆರಗಾಗುತ್ತಾಳೆ, ಹೆದರುತ್ತಾಳೆ, ದೇವರ ಹೆಸರು ತೆಗೆಯುತ್ತಾಳೆ ಎಂದು ನಾನು ಕಾದೆ. ಅದೊಂದೂ ಆಗಲಿಲ್ಲ. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ ಕೇಳಿದಳು:

"ಒಳಗ ಒಲಿ ಉರಿಯಾಕತ್ತಿತ್ತು ಅಂತೀರಿ. ಅದನ್ನ ನೋಡಿದ ಮ್ಯಾಲೂ ಕೆಡವಿದ್ರೇನ?"

ಅಷ್ಟರಲ್ಲಿ ಪೆಂಡಾಲಿನಲ್ಲಿ ರಾಷ್ಟ್ರಗೀತೆ ಶುರುವಾಯಿತು. ರೂಢಿಯಂತೆ ನಾವಿಬ್ಬರೂ ಅಲ್ಲಿಯೇ ನೆಟ್ಟಗೆ ನಿಂತೆವು. ಅವಳು ನಮ್ಮ ಮುಖವನ್ನೇ ನೋಡುತ್ತ ಕೂತಿದ್ದಳು.