ಅಂಟಿಕೊಂಡ ಪುಟಗಳು

ಶಿಡ್ಲಘಟ್ಟದ ಷಮೀಮ್ ಅವರಿಗೆ ಈಗ ಐವತ್ತೇಳು ವರ್ಷ. ಓದಲು ಬರುವುದು ಉರ್ದು ಮಾತ್ರ, ಅದೂ ನಾಲ್ಕನೆಯ ತರಗತಿಯಷ್ಟು. ಕನ್ನಡ ಕಿವಿಯಲ್ಲಿದೆ, ನಾಲಿಗೆಯ ಮೇಲಿದೆ, ಕಣ್ಣಿಗೆ ಮಾತ್ರ ಹತ್ತಲಿಲ್ಲ. ಇಂಥವರು ಒಂದು ಕನ್ನಡ ಕಾದಂಬರಿಯ ಕೊನೆಗಾಗಿ ಮೂವತ್ತೆಂಟು ವರ್ಷ ಹಂಬಲಿಸಿದರು ಎಂದರೆ ಓದಿದವರು ನಗಬಹುದು. ನಗಲಿ. ಓದಿದವರಲ್ಲಿ ಎಷ್ಟು ಜನ ಒಂದು ಪುಸ್ತಕಕ್ಕಾಗಿ ಮೂವತ್ತೆಂಟು ದಿನ ಹಂಬಲಿಸಿದ್ದಾರೆ, ಹೇಳಿ ನೋಡೋಣ.

ಈ ವರ್ಷದ ಒಂದು ಭಾನುವಾರ ಷಮೀಮ್ ಹಜಾರದಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮಗಳ ಮಗಳು ಮಿಸ್ಬಾ, ಬಿ.ಎ. ಓದುವವಳು, ಕಾಲೇಜಿಗೆ ಪಠ್ಯವಾಗಿದ್ದ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದುತ್ತಿದ್ದಳು. ಬಡತನದ ಆ ಹಳೆಯ ಕಾದಂಬರಿ ಇಂದಿನವರಲ್ಲಿ ಸಹಾನುಭೂತಿ ಮೂಡಿಸಬಲ್ಲದೇ ಎಂದು ಎರಡು ಪುಟ ಬರೆದುಕೊಂಡು ಹೋಗಬೇಕಿತ್ತು; ಹತ್ತು ಅಂಕ. ಸಹಾನುಭೂತಿಗೆ ಹತ್ತೇ ಅಂಕ ಯಾಕೆ ಎಂದು ನನ್ನನ್ನು ಕೇಳಬೇಡಿ. ಮಿಸ್ಬಾ ಮೊದಲ ಸಾಲು ಶುರುಮಾಡಿದಳು: "ಹಿಟ್ಟಿನ ಗಡಿಗೆಯ ತಳವನ್ನು ಆಕೆ ಚಿಪ್ಪಿನಿಂದ ಕೆರೆದಳು..."

"ಗಡಿಗೆಯೇ ಸವೆದು ಬಂತೇ ಹೊರತು ಹಿಟ್ಟು ಬರಲಿಲ್ಲ," ಎಂದು ಷಮೀಮ್ ಮುಗಿಸಿದರು. ಮೊರ ತೊಡೆಯ ಮೇಲಿಂದ ಜಾರಿ, ಆರಿಸಿದ ಅಕ್ಕಿ, ಆರಿಸದ ಅಕ್ಕಿ ಎಲ್ಲ ಒಂದಾಯಿತು.

"ನಾನಿ, ನಿನಗೆ ಹೇಗೆ ಗೊತ್ತು?"

"ಓದು. ನಿಲ್ಲಿಸಬೇಡ," ಎಂದಷ್ಟೇ ಹೇಳಿದರು.

ಗೊತ್ತಾದದ್ದು ಹೀಗೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಷಮೀಮ್ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಗಂಡ ಹೇಳದೆ ಕೇಳದೆ ಊರು ಬಿಟ್ಟಿದ್ದ. ಬಾಡಿಗೆ ಮನೆ ಹೋಗಿತ್ತು. ಎಂಟು ತಿಂಗಳ ಮಗುವನ್ನು ಶೆಡ್ಡಿನ ಮೂಲೆಯಲ್ಲೇ ಮಲಗಿಸಿ, ತಾವೂ ಅಲ್ಲೇ ಮಲಗುತ್ತಿದ್ದರು. ಚಿಂತಾಮಣಿಯಲ್ಲಿ ತರಕಾರಿ ಮಂಡಿಯ ಹತ್ತಿರ ಅಣ್ಣ ಉಮರ್ ಫಾರೂಕ್ ಇದ್ದ. ಅವನ ಮಾತು ಮೀರಿ ಆದ ಮದುವೆ ಅದು. ಈಗ ಯಾವ ಮುಖ ಇಟ್ಟುಕೊಂಡು ಅವನ ಬಾಗಿಲು ತಟ್ಟುವುದು?

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಗಂಗುಲಮ್ಮ ಎಂಬವಳು ಪುಸ್ತಕ ಓದುತ್ತಿದ್ದಳು. ಅವಳದು ಒಣಗಿದ ನೂಲನ್ನು ಲಡಿ ಕಟ್ಟುವ ಕೆಲಸ. ಇಡೀ ಶೆಡ್ಡಿನಲ್ಲಿ ಒಣಗಿದ ಕೈ ಅವಳದೊಂದೇ. ಉಳಿದವರ ಬೆರಳು ಬೆಳಗಿನಿಂದ ಬಿಸಿನೀರಿನಲ್ಲಿ ನೆಂದು ಬೆಳ್ಳಗಾಗಿರುತ್ತಿದ್ದವು. ಬೆಂದ ಗೂಡು ಬಿಡುವ ಅಂಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಾಗಾಗಿ ಗಂಗುಲಮ್ಮ ಬಿಟ್ಟು ಬೇರೆ ಯಾರೂ ಪುಸ್ತಕ ಮುಟ್ಟಕೂಡದು ಎಂಬುದೇ ಅಲ್ಲಿನ ಕಾನೂನು. ಪುಸ್ತಕ ಬರುತ್ತಿದ್ದುದು ಮೇಷ್ಟ್ರು ಅನಂತರಾಮಯ್ಯನವರ ಮನೆಯಿಂದ. ಅವರ ಹೆಂಡತಿ ಸಾವಿತ್ರಮ್ಮ ಕೊಡುತ್ತಿದ್ದರು. ಮಾಲೀಕ ಮಾತ್ರ "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಆಡಿಕೊಳ್ಳುತ್ತಿದ್ದ. ಆದರೂ ಓದಿನ ಹೊತ್ತಿಗೆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದವನೂ ಅವನೇ. ಗಂಗುಲಮ್ಮ ಎಲ್ಲೂ ತಡವರಿಸದೆ, ಕಣ್ಣಿಗೆ ಕಂಡದ್ದನ್ನು ಹೇಳುವಂತೆ ಓದುತ್ತಿದ್ದಳು.

ಆ ಕಾದಂಬರಿಯ ಹೆಣ್ಣಿಗೂ ಕಂಕುಳಲ್ಲಿ ಕೂಸು. ಅವಳನ್ನೂ ಗಂಡ ಬಿಟ್ಟಿದ್ದ. ಮೂರು ದಿನ ನಡೆದು ಅಣ್ಣನ ಮನೆಗೆ ಬಂದು, ಸಂಜೆಗತ್ತಲಲ್ಲಿ ಬಾಗಿಲು ತಟ್ಟಿದಳು. ಶನಿವಾರದ ಓದು ಅಲ್ಲಿಗೆ ನಿಂತಿತು.

ಬಾಗಿಲು ತೆಗೆದನೋ ಇಲ್ಲವೋ? ಉಳಿದ ಹೆಂಗಸರಿಗೆ ಅದು ಕತೆ. ಷಮೀಮ್‌ಗೆ ಅದು ತಾನು ಚಿಂತಾಮಣಿಯ ಬಸ್ಸು ಹತ್ತಬೇಕೋ ಬೇಡವೋ ಎಂಬ ಪ್ರಶ್ನೆ. ಸೋಮವಾರ ಬೆಳಿಗ್ಗೆ ಗಂಗುಲಮ್ಮ ಲಡಿ ಒಪ್ಪಿಸಲು ಒಳಗೆ ಹೋದಾಗ ಷಮೀಮ್ ತಡೆಯಲಾರದೆ, ಹಸಿಗೈಯಲ್ಲೇ ಪುಸ್ತಕದ ಕೊನೆಯ ಪುಟಗಳನ್ನು ಮಗುಚಿದರು. ಓದಲು ಬಾರದವರು ಏನು ನೋಡಲು ಹೋದರು? ಒಂದು ಚಿತ್ರ ಇರಬಹುದು, ತೆರೆದ ಬಾಗಿಲಿನ ಚಿತ್ರ ಎಂಬ ಆಸೆ. ಚಿತ್ರವಿರಲಿಲ್ಲ. ಹೆಜ್ಜೆ ಸಪ್ಪಳ ಕೇಳಿ ಪುಸ್ತಕವನ್ನು ಒತ್ತಿ ಮುಚ್ಚಿ, ಗೂಡು ಬೇಯುವ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಅಂಟು ಒಣಗಿ ಕೊನೆಯ ಪುಟಗಳೆಲ್ಲ ಒಂದೇ ಹಲಗೆಯಾಗಿದ್ದವು. ಗಂಗುಲಮ್ಮ ಉಗುರಿನಿಂದ ಬಿಡಿಸಲು ನೋಡಿದಳು. ಅಂಚು ಹರಿಯಿತು. ಷಮೀಮ್ ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸೆರಗಿನಲ್ಲಿ ಕೈ ಒರೆಸಿಕೊಂಡರು. ಗಂಗುಲಮ್ಮ ಪುಸ್ತಕವನ್ನು ಹಾಗೆಯೇ ಮುಂದೆ ಹಿಡಿದು, ಮತ್ತೆ ಓದತೊಡಗಿದಳು. ಅಣ್ಣ ಬಾಗಿಲು ತೆಗೆದ. "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಕೂಸನ್ನು ಎತ್ತಿಕೊಂಡ. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಅವಳು ಒಂದು ಪುಟವನ್ನೂ ತಿರುವಲಿಲ್ಲ ಎಂಬುದನ್ನು ಕಂಡವರು ಷಮೀಮ್ ಒಬ್ಬರೇ.

ಪುಸ್ತಕದ್ದಲ್ಲ, ಬಾಯಿಂದ ಕಟ್ಟಿದ್ದು ಎಂದು ಗೊತ್ತಿದ್ದೂ ಆ ಸಂಜೆ ಷಮೀಮ್ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದರು. ಹೋಗು ಎಂದು ಹೇಳಲು ಅವರಿಗೆ ಯಾರಾದರೂ ಒಬ್ಬರು ಬೇಕಿತ್ತು, ಅಷ್ಟೇ. ಉಮರ್ ಫಾರೂಕ್ ಬಾಗಿಲು ತೆಗೆದ. ಕತೆಯ ಅಣ್ಣನಂತೆ ಚೆಂದದ ಮಾತೇನೂ ಆಡಲಿಲ್ಲ. ಮಗುವನ್ನು ನೋಡಿದ, ತಂಗಿಯನ್ನು ನೋಡಿದ, "ಊಟ ಹಾಕು," ಎಂದು ಹೆಂಡತಿಗೆ ಹೇಳಿದ.

ಆರು ವರ್ಷದ ನಂತರ ಶಿಡ್ಲಘಟ್ಟಕ್ಕೆ ಮರಳಿದಾಗ ಗಂಗುಲಮ್ಮ ಇರಲಿಲ್ಲ. ನಗರಗೆರೆಯವನನ್ನು ಮದುವೆಯಾಗಿ ಹೋಗಿದ್ದಳು. ಪುಸ್ತಕ ಹಾಳುಮಾಡಿದಳೆಂದು ಸಾವಿತ್ರಮ್ಮ ಅವಳಿಗೆ ಮತ್ತೆ ಪುಸ್ತಕವನ್ನೇ ಕೊಡಲಿಲ್ಲವಂತೆ. ಶೆಡ್ಡಿನ ಓದು ಅಂದೇ ನಿಂತಿತಂತೆ. ಆ ಮಾತು ಷಮೀಮ್‌ರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನಗರಗೆರೆ ಏನು ಮಹಾ ದೂರ? ಆದರೂ ಹೋಗಲಿಲ್ಲ. ನಗರಗೆರೆಗೆ ಹೋಗಲು ಹತ್ತಬೇಕಾದ, ಗೌರಿಬಿದನೂರು ಎಂದು ಬರೆದ ಬಸ್ಸು ಕಂಡಾಗಲೆಲ್ಲ ಆ ದನಿಗಾಗಿ ಜೀವ ಎಳೆಯುತ್ತಿತ್ತು. ಬಸ್ಸು ಹೋದ ಮೇಲೆ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.

ಈಗ ಮಿಸ್ಬಾ ಮೂರು ಮಧ್ಯಾಹ್ನ ಓದಿ ಆ ಬಾಗಿಲ ಬಳಿಗೆ ಬಂದಳು. ಷಮೀಮ್ ಮೊಮ್ಮಗಳ ಮಣಿಕಟ್ಟು ಹಿಡಿದುಕೊಂಡರು.

ಅಚ್ಚಾದ ಪುಸ್ತಕದಲ್ಲಿ ಅಣ್ಣ ಬಾಗಿಲು ತೆಗೆಯಲಿಲ್ಲ. ಕಿಟಕಿಯಿಂದ ತಂಗಿಯನ್ನು ನೋಡಿ ದೀಪ ಆರಿಸಿದ. ಬೆಳಗಾದಾಗ ಊರವರು ಕೆರೆಯ ಏರಿಯ ಮೇಲೆ ಅಳುತ್ತಿದ್ದ ಕೂಸನ್ನು ಕಂಡರು. ಕೂಸನ್ನು ಮಾತ್ರ.

ಮಿಸ್ಬಾ ಬಿಕ್ಕಿ ಬಿಕ್ಕಿ ಅತ್ತಳು. ಷಮೀಮ್‌ಗೆ ಅಳು ಬರಲಿಲ್ಲ, ಹಿಡಿದಿದ್ದ ಮಣಿಕಟ್ಟನ್ನು ಇನ್ನಷ್ಟು ಬಿಗಿಹಿಡಿದರು. ಈ ಸಾಲುಗಳನ್ನು ಅಂದೇ ಕೇಳಿದ್ದರೆ ಅವರು ಚಿಂತಾಮಣಿಯ ಬಸ್ಸು ಹತ್ತುತ್ತಿರಲಿಲ್ಲ. ಶಿಡ್ಲಘಟ್ಟದಲ್ಲೂ ಕೆರೆಗಳಿಗೇನು ಬರವಿರಲಿಲ್ಲ. ಆಗ ಈ ಹುಡುಗಿ ಎಲ್ಲಿರುತ್ತಿದ್ದಳು?

ಮರುದಿನವೇ ಅಜ್ಜಿ, ಮೊಮ್ಮಗಳು ನಗರಗೆರೆಗೆ ಹೊರಟರು. ಚೀಲದಲ್ಲಿ ಕಾದಂಬರಿ, ಒಂದು ಡಜನ್ ಬಾಳೆಹಣ್ಣು. ಸಿಗುತ್ತಾಳೋ ಇಲ್ಲವೋ, ಸಿಕ್ಕರೂ ಏನೆನ್ನುತ್ತಾಳೋ ಎಂದು ಷಮೀಮ್ ದಾರಿಯುದ್ದಕ್ಕೂ ಸೆರಗಿನ ತುದಿ ಹಿಂಡುತ್ತಿದ್ದರು. ಗಂಗುಲಮ್ಮ ಮನೆಯ ಮುಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ದನಿ ಮಾತ್ರ ಹಾಗೆಯೇ ಇತ್ತು.

"ಯಾರಮ್ಮಾ ಅದು?"

"ನಾನು ಅಕ್ಕ, ಷಮೀಮ್. ಬೇಸಿನ್ ಷಮೀಮ್."

"ಏಮಮ್ಮಾ! ಇಷ್ಟು ದಿನ ಯಾಕೆ ಬರ್ಲಿಲ್ಲ?"

ಕತೆಯ ಅಣ್ಣ ಆಡಿದ ಅದೇ ಮಾತು. ಷಮೀಮ್ ಅಲ್ಲೇ ಕುಸಿದು ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. "ಆ ಪುಟ ಅಂಟಿಸಿದ್ದು ನಾನು ಅಕ್ಕ. ನನ್ನಿಂದ ನಿಮ್ಗೆ ಪುಸ್ತಕಾನೇ ಇಲ್ದಂಗಾಯ್ತು. ನೀವು ಪಾಪ, ಓದಕ್ಕಾಗ್ದೆ ಬಾಯಲ್ಲೇ ಕಟ್ಟಿ ಹೇಳಿದ್ರಿ. ನಿಜವಾದ ಕೊನೆ ತಂದಿದೀನಿ, ಇವ್ಳು ಓದ್ತಾಳೆ."

ಗಂಗುಲಮ್ಮ ಹುಣಸೆ ಮೆತ್ತಿದ ಕೈಯನ್ನು ಎತ್ತಿ ಬೇಡವೆಂದರು.

"ಅದನ್ನೇನು ಓದ್ತಾಳೆ ಬಿಡು. ದೀಪ ಆರಿಸ್ತಾನೆ, ಅವ್ಳು ಕೆರೆಗೆ ಬೀಳ್ತಾಳೆ. ನಾನು ದಿನಾ ಮನೇಲಿ ಒಂದ್ಸಲ ಓದ್ಕೊಂಡೇ ಬರ್ತಿದ್ನಲ್ಲ, ನಿಮ್ಮುಂದೆ ತಡವರಿಸಬಾರ್ದು ಅಂತ. ಭಾನುವಾರಾನೇ ಮುಗ್ಸಿದ್ದೆ."

"ಮತ್ತೆ... ಪುಟ ಅಂಟ್ಕೊಂಡಿದ್ದಕ್ಕಲ್ವಾ ನೀವು..."

"ಅಂಟ್ಕೊಂಡಿದ್ದು ಒಳ್ಳೇದೇ ಆಯ್ತು, ಪುಸ್ತಕದಲ್ಲಿ ಹಂಗಿಲ್ಲ ಅಂತ ಯಾರೂ ಕೇಳಂಗಿರ್ಲಿಲ್ಲ." ಗಂಗುಲಮ್ಮ ತಡಕಾಡಿ ಷಮೀಮ್‌ರ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸವರಿದರು. "ಶೆಡ್ಡಿನ ಮೂಲೇಲಿ ಕೂಸು ಹಾಕ್ಕೊಂಡು ಮಲಗ್ತಿದ್ದೆ ನೀನು. ಬೆಳಗಾದ್ರೆ ನಿನ್ನ ಮುಖ ನಾನು ನೋಡ್ಬೇಕಿತ್ತು. ನೀನು ಅಂಟಿಸ್ದೇ ಇದ್ದಿದ್ರೂ ಆ ಬಾಗ್ಲು ನಾನು ತೆಗೆಸ್ತಿದ್ದೆ ಕಣೇ."